ಐದು ವರ್ಷ ಅಂದ್ರು ಅಣ್ಣ

ಹೋದ ಸೋಮವಾರ ಬೆಳಿಗ್ಗೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದಾಗ ಎದುರು ಸೀಟಿನಲ್ಲಿ ಒಬ್ಬ ಹೆಂಗಸು ಕುಳಿತಿದ್ದರು. ಸೆಕೆಗೆ ಬೋಗಿಯವರೆಲ್ಲ ಪೇಪರಿನಲ್ಲಿ, ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರೆ ಆಕೆಯ ಎಡಗಾಲಿಗೆ ಮೈಬಣ್ಣದ ದಪ್ಪ ಕಾಲುಚೀಲ. ಬಲಗಾಲು ಬರಿದು. ನಾನು ದಿಟ್ಟಿಸುತ್ತಿದ್ದುದು ಗೊತ್ತಾಗಿ ಆಕೆ ಸೀರೆಯ ಅಂಚನ್ನು ಕೆಳಕ್ಕೆ ಎಳೆದುಕೊಂಡರು. ನನಗೆ ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿದೆ. ಇಪ್ಪತ್ತು ವರ್ಷ ಪರೀಕ್ಷೆಯಲ್ಲಿ ಮಕ್ಕಳ ಕಾಪಿ ಹಿಡಿದ ಟೀಚರ ಕಣ್ಣು ಇದು, ಬೇಗ ತಿರುಗುವುದಿಲ್ಲ.

ಆ ಒಂಟಿ ಕಾಲುಚೀಲ ನನಗೆ ಪರಿಚಯದ್ದು. ಬೂದಿಕೋಟೆ ಹತ್ತಿರದ ನಮ್ಮೂರಲ್ಲಿ, ನಮ್ಮಣ್ಣನ ಮನೆಯ ಹಿಂದಿನ ತಂತಿಯ ಮೇಲೆ ಅಂಥದ್ದೊಂದು ಯಾವಾಗಲೂ ಒಣಗುತ್ತಿರುತ್ತದೆ. ಅದು ಅತ್ತಿಗೆಯದು. ಹೊಸದಾಗಿ ಬಂದ ನೆಂಟರೊಬ್ಬರು ಅದರ ಜೋಡಿ ಎಲ್ಲಿ ಬಿತ್ತೋ ಎಂದು ಬೇಲಿಯಲ್ಲೆಲ್ಲ ಹುಡುಕಿದ್ದೂ ಉಂಟು.

ಅತ್ತಿಗೆಯ ಹೆಸರು ರತ್ನಮ್ಮ. ಹನ್ನೊಂದು ವರ್ಷದ ಹಿಂದೆ, ಅವಳಿಗೆ ನಲವತ್ತೆರಡಿದ್ದಾಗ, ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಮುಟ್ಟಿನ ದಿನ ಬಿಟ್ಟು ಬೇರೆ ದಿನಗಳಲ್ಲೂ ರಕ್ತ ಹೋಗುತ್ತಿತ್ತಂತೆ. ಸೊಂಟನೋವಿನ ಜೊತೆ ಅದನ್ನೂ ಸೇರಿಸಿಕೊಂಡು ಎಂಟು ತಿಂಗಳು ಹಾಲು ಕರೆದು, ಡೈರಿಗೆ ಹಾಕಿ, ರಾಗಿ ಕೊಯ್ದು, ಆಮೇಲೆ ನನಗೆ ಹೇಳಿದಳು. ನಾನು ಬಂಗಾರಪೇಟೆಯಲ್ಲಿದ್ದೆ, ಕೆಜಿಎಫ್‌ನ ಶಾಲೆಯೊಂದರಲ್ಲಿ ಟೀಚರು, ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ಹಾಗಾಗಿ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಡಾಕ್ಟರ ಮಾತು ಕೇಳಿ ತಿಳಿಸುವುದು ನನ್ನ ಪಾಲಿಗೆ ಬಂತು. ಬಂತು ಎನ್ನುವುದಕ್ಕಿಂತ ನಾನೇ ತೆಗೆದುಕೊಂಡೆ ಎನ್ನಬೇಕು. ಆ ಪಟ್ಟ ನನಗೆ ಹಿಡಿಸಿತ್ತು.

ಐದಾರು ವಾರ ಕರೆಂಟು ಕೊಟ್ಟರು. ರೇಡಿಯೇಷನ್ನಿಗೆ ನಮ್ಮ ಕಡೆ ಎಲ್ಲರೂ ಅನ್ನುವುದು ಹಾಗೆಯೇ. ವಾರಕ್ಕೊಮ್ಮೆ ಕೈಗೆ ಡ್ರಿಪ್ಪು. ಕೊನೆಗೆ ಒಳಗಿನಿಂದ ಕೊಡುವ ಕರೆಂಟು. ಅದಾದ ಮೇಲೆ ಒಬ್ಬ ನರ್ಸು ನಮ್ಮಿಬ್ಬರನ್ನೂ ಪರದೆಯ ಹಿಂದೆ ಕರೆದು, ಮುಟ್ಟು ನಿಂತುಹೋಗುತ್ತದೆ, ಮೈ ಧಗ್ಗೆನ್ನುತ್ತದೆ, ಒಳಗಿನ ದಾರಿ ಬಿಗಿಯುತ್ತದೆ, ಗಂಡ ಹೆಂಡತಿ ಸೇರುವಾಗ ನೋವಾದರೆ ಹೀಗೆ ಮಾಡಬೇಕು ಎಂದು ಇಂಗ್ಲಿಷ್ ಬೆರೆಸಿದ ತಮಿಳಿನಲ್ಲಿ ಕಾಲು ಗಂಟೆ ವಿವರಿಸಿದರು. ಅಣ್ಣನ ಹೆಂಡತಿಗೆ ಇದನ್ನೆಲ್ಲ ಹೇಗೆ ಹೇಳುವುದು? "ಸ್ವಲ್ಪ ದಿನ ಹುಷಾರಾಗಿರ್ಬೇಕಂತೆ" ಎಂದೆ.

ಅತ್ತಿಗೆ ನನ್ನ ಮುಖ ನೋಡಿದಳು. "ಆಯಮ್ಮ ಅಷ್ಟೊತ್ತು ಏಳಿದ್ದು ಇಷ್ಟೇನಾ?" ಎಂದವಳೇ ನರ್ಸಿನ ಕಡೆ ತಿರುಗಿ, ತನಗೆ ಬಂದ ತೆಲುಗು ತಮಿಳಿನಲ್ಲಿ ತಾನೇ ಕೇಳಿ ತಿಳಿದುಕೊಂಡಳು. ನಾನು ಪರದೆಯ ಹೂವು ಎಣಿಸುತ್ತ ನಿಂತಿದ್ದೆ.

ಉದ್ದದ್ದನ್ನು ಗಿಡ್ಡ ಮಾಡಿ ಹೇಳುವುದು ನನ್ನ ಕಸುಬಿನ ಚಾಳಿ. ಒಂದು ಪುಟದ ಪಾಠವನ್ನು ಒಂದು ಸಾಲಿಗೆ ಇಳಿಸಿ ಬೋರ್ಡಿನ ಮೇಲೆ ಬರೆದರೆ ಪರೀಕ್ಷೆಗೆ ಅಷ್ಟು ಸಾಕು. ಆಸ್ಪತ್ರೆಯಲ್ಲಿ ಸಾಕಾಗುವುದಿಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ಮನೆಗೆ ಕಳಿಸುವ ದಿನ ದೊಡ್ಡ ಡಾಕ್ಟರನ್ನು ಒಬ್ಬಳೇ ಕಂಡೆ. ಮುಂದೆ ಹೇಗೆ ಎಂದು ಕೇಳಲು ರೈಲಿನಲ್ಲೇ ಇಂಗ್ಲಿಷ್ ವಾಕ್ಯ ಜೋಡಿಸಿಕೊಂಡು ಹೋಗಿದ್ದೆ. ಅವರು ಸಮಾಧಾನದಿಂದ ಹೇಳಿದರು: ಗೆಡ್ಡೆ ಕರಗಿದೆ. ಮರಳಿ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ ಬರುತ್ತದೆ. ಅದಕ್ಕೇ ಪದೇ ಪದೇ ಕರೆಸಿ ನೋಡುತ್ತೇವೆ. ಐದು ವರ್ಷ ಏನೂ ಇಲ್ಲದೆ ಕಳೆದರೆ ಬಹುಮಟ್ಟಿಗೆ ಗೆದ್ದ ಹಾಗೆ.

ಖುಷಿಯಿಂದ ಹೊರಗೆ ಬಂದೆ. ಅಣ್ಣ ಬೆಂಚಿನ ಮೇಲೆ ಬ್ಯಾಗು ತಬ್ಬಿಕೊಂಡು ಕೂತಿದ್ದ. ಪಕ್ಕದಲ್ಲಿ ಅತ್ತಿಗೆ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು.

"ಏನಂದ್ರು?" ಎಂದ ಅಣ್ಣ.

"ಐದು ವರ್ಷ ಅಂದ್ರು ಅಣ್ಣ. ಭಯ ಬೇಡ. ಏಳು, ರೈಲಿಗೆ ಹೊತ್ತಾಯ್ತು."

ಅಣ್ಣ ಎದ್ದ. ದಾರಿಯುದ್ದಕ್ಕೂ ಇಬ್ಬರೂ ಕಿಟಕಿಯಾಚೆ ನೋಡುತ್ತ ಕೂತಿದ್ದರು. ದಣಿದಿದ್ದಾರೆ ಎಂದುಕೊಂಡೆ. ಬಂಗಾರಪೇಟೆಯಲ್ಲಿ ಇಳಿಯುವಾಗ ಅತ್ತಿಗೆ ನನ್ನ ಕೈ ಹಿಡಿದು, "ಇದ್ದುದ್ದನ್ನ ಇದ್ದಂಗೆ ಏಳ್ದೆ, ಒಳ್ಳೇದು ಕಣಮ್ಮ" ಎಂದಳು. ನನ್ನ ಇಂಗ್ಲಿಷಿಗೆ ಸಿಕ್ಕ ಮೆಚ್ಚುಗೆ ಎಂದು ಅದನ್ನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಮೊದಲ ವರ್ಷ ಕಳೆದ ಮೇಲೆ ತಪಾಸಣೆಗೆ ಅಣ್ಣನೇ ಕರೆದುಕೊಂಡು ಹೋಗತೊಡಗಿದ. ಚೆನ್ನಾಗಿದೆಯಂತೆ ಎಂದು ಫೋನು ಮಾಡುತ್ತಿದ್ದ. ಎರಡನೆಯ ವರ್ಷ ಮಗಳು ಗಿರಿಜಾಗೆ ಗಂಡು ಗೊತ್ತಾಯಿತು. ಹುಡುಗಿಗೆ ಹತ್ತೊಂಬತ್ತು, ಬಿ.ಕಾಂ. ಎರಡನೆಯ ವರ್ಷ, ಲೆಕ್ಕದಲ್ಲಿ ಚುರುಕು. ಗಂಡು ಕ್ಯಾಸಂಬಳ್ಳಿ ಕಡೆಯವನು, ತರಕಾರಿ ಬೆಳೆಯುವ ಮನೆ. ಕೆಟ್ಟ ಸಂಬಂಧವೇನಲ್ಲ, ಆದರೆ ಏನಿಷ್ಟು ಅವಸರ? "ಡಿಗ್ರಿ ಮುಗೀಲಿ ಅತ್ತಿಗೆ, ಇನ್ನೊಂದೂವರೆ ವರ್ಷ ತಾನೇ?" ಎಂದೆ.

"ಅಷ್ಟೊತ್ತಿಗೆ ಯಾರಿರ್ತಾರೋ ಯಾರಿಲ್ವೋ" ಎಂದಳು. ಹೆಣ್ಣು ಹೆತ್ತವರು ಆಡುವ ಮಾತು ಎಂದು ಸುಮ್ಮನಾದೆ. ಗಿರಿಜಾ ನನ್ನ ಹತ್ತಿರ ಬಂದು ಅತ್ತಿದ್ದಳು. "ಅಮ್ಮಂಗೆ ನೀವಾದ್ರೂ ಏಳಿ ಅತ್ತೆ." ನಾನು ಹೇಳಿದ್ದು ಆ ಒಂದೇ ಸಲ. ಮದುವೆಯಾಯಿತು, ಓದು ನಿಂತಿತು.

ಮೂರನೆಯ ವರ್ಷ ಅತ್ತಿಗೆ ಬೆಳಗಿನ ಹೊತ್ತು ಡೈರಿಗೆ ಹೋಗುವುದನ್ನು ನಿಲ್ಲಿಸಿದಳು. ಹೊಟ್ಟೆ ಹೇಳಿದ ಮಾತು ಕೇಳುವುದಿಲ್ಲ, ದಾರಿಯಲ್ಲೇ ಅವಸರವಾಗುತ್ತದೆ ಎನ್ನುತ್ತಿದ್ದಳು. ಮಲದಲ್ಲಿ ರಕ್ತ ಹೋಗುತ್ತಿರುವುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಎರಡು ತಿಂಗಳಾದ ಮೇಲೆ ಬಟ್ಟೆ ನೋಡಿ ಅಣ್ಣನಿಗೆ ಗೊತ್ತಾಗಿ, ಬೈದು ಬೆಂಗಳೂರಿಗೆ ಕರೆದುಕೊಂಡು ಹೋದ. ಶಾಲೆಯಲ್ಲಿ ಪರೀಕ್ಷೆ, ನಾನು ಹೋಗಲಾಗಲಿಲ್ಲ. ನಳಿಗೆ ಹಾಕಿ ನೋಡಿದರಂತೆ. "ಕಾಯ್ಲೆ ಅಲ್ಲಂತೆ. ಕರೆಂಟು ಕೊಟ್ಟಿದ್ರಲ್ಲ, ಅದು ಕರುಳಿಗೆ ಮಾಡಿರೋ ಗಾಯ ಅಂತೆ. ಔಷಧಿ ಕೊಟ್ಟವ್ರೆ" ಎಂದು ಅಣ್ಣ ಫೋನಿನಲ್ಲಿ ಹೇಳಿದ. ದನಿಯಲ್ಲಿ ಒಂದಿಷ್ಟೂ ಸಂತೋಷವಿರಲಿಲ್ಲ. ನಾಲ್ಕನೆಯ ವರ್ಷ ಎಡಗಾಲು ಊದಿ, ಊತ ತಡೆಯುವ ಆ ಬಿಗಿ ಕಾಲುಚೀಲ ಬಂತು. ಅಷ್ಟರಲ್ಲಿ ಅವಳ ಎರಡು ಹಲ್ಲು ಬಿದ್ದಿದ್ದವು. ಕಟ್ಟಿಸಿಕೋ ಎಂದರೆ, "ಇನ್ನೊಂದ್ವರ್ಷಕ್ಕೆ ಅಲ್ಲು ಯಾಕೆ?" ಎಂದು ನಕ್ಕಳು. ನಾನೂ ನಕ್ಕೆ.

ಐದು ವರ್ಷ ತುಂಬಿದ ತಪಾಸಣೆಗೆ ರಜೆ ಹಾಕಿ ಜೊತೆಯಲ್ಲಿ ಹೋದೆ. ಮೈಸೂರುಪಾಕು ಕಟ್ಟಿಸಿಕೊಂಡಿದ್ದೆ. ಅತ್ತಿಗೆ ತನ್ನ ಮದುವೆಯ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಅವಳಿಗೂ ಹಬ್ಬವೇ ಎಂದುಕೊಂಡೆ. ಒಳಗೆ ಹೊಸ ಡಾಕ್ಟರಮ್ಮ ಪರೀಕ್ಷೆ ಮಾಡಿ, ಫೈಲು ಮುಚ್ಚಿ, "ಐದು ವರ್ಷ ಆಯ್ತಲ್ಲಮ್ಮ. ಇನ್ಮೇಲೆ ವರ್ಷಕ್ಕೊಂದ್ಸಲ ಬಂದ್ರೆ ಸಾಕು" ಎಂದರು.

"ಯಾವ ವರ್ಷ?" ಎಂದಳು ಅತ್ತಿಗೆ.

"ಪ್ರತಿ ವರ್ಷ."

"ಅಷ್ಟು ದಿನ ನಾನಿರ್ತೀನಾ?"

ಡಾಕ್ಟರಮ್ಮ ನಕ್ಕರು. "ಇರದೆ ಎಲ್ಲಿಗೆ ಹೋಗ್ತೀರಿ?"

ಅತ್ತಿಗೆ ನಗಲಿಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿದಳು. "ಐದೇ ವರ್ಷ ಅಂತ ನೀನೇ ತಾನೇ ಏಳಿದ್ದು?"

ಆ ಐದು ವರ್ಷದಲ್ಲಿ ನಡೆದದ್ದೆಲ್ಲ, ಆ ಅವಸರದ ಮದುವೆ, ಹೇಳದೆ ಮುಚ್ಚಿಟ್ಟ ರಕ್ತ, ಕಟ್ಟಿಸದ ಹಲ್ಲು, ಮೈಮೇಲಿನ ರೇಷ್ಮೆ ಸೀರೆ, ನನಗೆ ಒಟ್ಟಿಗೆ ಅರ್ಥವಾಯಿತು. ಡಾಕ್ಟರಮ್ಮ ನನ್ನನ್ನೂ ಅವಳನ್ನೂ ನೋಡಿ, ಫೈಲು ಮತ್ತೆ ಬಿಚ್ಚಿ, ಮೊದಲಿನಿಂದ ವಿವರಿಸಿದರು. ಇನ್ನು ಬರುವುದೇ ಇಲ್ಲ ಎಂದು ಬರೆದುಕೊಡಲಾಗುವುದಿಲ್ಲ, ಆದರೆ ಬರುವ ಸಂಭವ ಬಹಳ ಕಡಿಮೆ. ಕರುಳು, ಮೂತ್ರಚೀಲ, ಕಾಲು, ಮೂಳೆ ಇವಕ್ಕೆ ಕರೆಂಟಿನ ತೊಂದರೆ ತಡವಾಗಿಯೂ ಬರಬಹುದು. ಏನೇ ಕಂಡರೂ ಮುಚ್ಚಿಡಬೇಡಿ. ಅತ್ತಿಗೆ ಪ್ರತಿ ಮಾತಿಗೂ ತಲೆಯಾಡಿಸಿದಳು.

ಹೊರಗೆ ಬೆಂಚಿನ ಮೇಲೆ ವಿಷಯ ಕೇಳಿ ಅಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅತ್ತಿಗೆಗೆ ಬಂದದ್ದು ಕೋಪ. "ನಾನು ಓಗೋದ್ರೊಳ್ಗೆ ಮಗಿನ ಮದ್ವೆ ನೋಡ್ಬೇಕು ಅಂತ ಬುಕ್ಕು ಕಿತ್ತಿಟ್ಟೆನಲ್ಲೇ! ಐದು ವರ್ಷದಲ್ಲಿ ಒಂದು ದಿನ ನಿದ್ದೆ ಬಂದಿಲ್ಲ. ಒಂದು ಮಾತು, ಇನ್ನೊಂದು ಮಾತು ಏಳಿದ್ರೆ ನಿನ್ನ ಬಾಯಿ ಸವ್ದೋಗ್ತಿತ್ತಾ?"

ನೀವು ಯಾಕೆ ಕೇಳಲಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸಾವಿನ ಗಡುವನ್ನು ಯಾರು ಎರಡನೆಯ ಸಲ ಕೇಳುತ್ತಾರೆ? ಮೈಸೂರುಪಾಕಿನ ಪೊಟ್ಟಣ ಬ್ಯಾಗಿನಲ್ಲೇ ಉಳಿಯಿತು.

ಗಿರಿಜಾ ಆರು ತಿಂಗಳು ನನ್ನ ಫೋನು ಎತ್ತಲಿಲ್ಲ. ಆಗ ಅವಳ ಮಗುವಿಗೆ ಎರಡು ವರ್ಷ. ಒಂದು ಬೆಳಿಗ್ಗೆ ಅತ್ತಿಗೆ ಅದೇ ಒಂಟಿ ಕಾಲುಚೀಲ ಹಾಕಿಕೊಂಡು ಬಸ್ಸು ಹತ್ತಿ ಬೀಗರ ಮನೆಗೆ ಹೋದಳು. "ಮಗಿನ ನಾನು ಸಾಕ್ತೀನಿ. ನನ್ನ ಮಗಳು ಬಾಕಿ ಇರೋದನ್ನ ಓದ್ಲಿ" ಎಂದಳಂತೆ. ಬೀಗರು ಮುಖ ಸಿಂಡರಿಸಿದರು, ಅಳಿಯ ಒಪ್ಪಿದ. ಗಿರಿಜಾ ಡಿಗ್ರಿ ಮುಗಿಸುವಾಗ ಅವಳ ಜೊತೆಯವರು ಕೆಲಸಕ್ಕೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ಈಗ ಕೆಜಿಎಫ್‌ನ ಒಂದು ಅಂಗಡಿಯಲ್ಲಿ ಜಿಎಸ್‌ಟಿ ಬಿಲ್ಲು ಬರೆಯುತ್ತಾಳೆ. ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. ನನ್ನ ಜೊತೆ ಮಾತಾಡುತ್ತಾಳೆ, ಅಳತೆ ಇಟ್ಟು.

ಮೊನ್ನೆ ಶುಕ್ರವಾರ ಹನ್ನೊಂದನೆಯ ವರ್ಷದ ತಪಾಸಣೆ. ಅಣ್ಣನಿಗೆ ಮಂಡಿನೋವು, ಆದ್ದರಿಂದ ನಾನು ಹೋದೆ. ಹೆಸರು ಕೂಗಿದಾಗ ಅಭ್ಯಾಸಬಲದಿಂದ ನಾನೂ ಎದ್ದೆ. "ನೀನು ಕೂತ್ಕೋ" ಎಂದು ಅತ್ತಿಗೆ ಒಬ್ಬಳೇ ಒಳಗೆ ಹೋದಳು. ಅಣ್ಣ ಕೂತಿರುತ್ತಿದ್ದ ಕಡೆ ನಾನು ಕೂತೆ. ಒಳಗೆ ಏನು ಮಾತು ನಡೆಯುತ್ತಿದೆಯೋ ತಿಳಿಯದೆ ಹೊರಗೆ ಬ್ಯಾಗು ಹಿಡಿದು ಕೂರುವುದು ಎಂಥದ್ದೆಂದು ಹನ್ನೊಂದು ವರ್ಷಕ್ಕೆ ನನಗೆ ಗೊತ್ತಾಯಿತು. ಬಾಗಿಲು ತೆರೆದಾಗ ಎದ್ದು ನಿಂತಿದ್ದೆ.

"ಏನಂದ್ರು?"

ಅತ್ತಿಗೆ ಆತುರಪಡಲಿಲ್ಲ. ಪಕ್ಕದಲ್ಲಿ ಕುಳಿತು, ಕಾಲು ನೀಡಿಕೊಂಡು, ಮೊದಲಿನಿಂದ ಹೇಳತೊಡಗಿದಳು. ಬಿ.ಪಿ. ನೋಡಿದ್ದು, ಒಳಗೆ ಪರೀಕ್ಷೆ ಮಾಡಿದ್ದು, ಡಾಕ್ಟರಮ್ಮ ಕೇಳಿದ್ದು, ತಾನು ಹೇಳಿದ್ದು, ಮೂಳೆಗೆಂದು ಬರೆದ ಮಾತ್ರೆ ಯಾವ ಹೊತ್ತಿಗೆ, ಊಟಕ್ಕೆ ಮೊದಲೋ ಆಮೇಲೋ, ಒಂದೂ ಬಿಡದೆ. ನಾನು ನಡುವೆ ಬಾಯಿ ಹಾಕಲಿಲ್ಲ.

"ಕೊನೇಗೆ, ಮುಂದಿನ್ವರ್ಷ ಬಾ ಅಂದ್ರು" ಎಂದಳು. "ಅಂಗಂದ್ರೆ ಏನು ಅಂತ ಕೇಳ್ದೆ. ಅಂಗಂದ್ರೆ ಮುಂದಿನ್ವರ್ಷ ಬರೋದು ಅಷ್ಟೇ ಅಂದ್ರು. ಬೇರೆ ಅರ್ಥ ಇಲ್ವಂತೆ. ಎರಡು ಸಲ ಕೇಳ್ಕಂಡೇ ಬಂದೆ."