ಸೋರುವ ಸ್ಟೋವು, ನನ್ನ ಜರ್ಮನ್ನು

ತೊಂಬತ್ತರ ದಶಕದ ಆರಂಭದಲ್ಲಿ, ವಾಸ್ಕೋ ಹತ್ತಿರದ ಬೀಚೊಂದರಲ್ಲಿ ಚರ್ಮದ ಚೀಲ ಮಾರುವ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಗಿರಾಕಿಗಳಲ್ಲಿ ಹೆಚ್ಚಿನವರು ಜರ್ಮನ್ನರು. ಹೊಲಿಗೆ ಬಿಟ್ಟರೆ ಮರುದಿನವೇ ಚೀಲ ಹಿಡಿದು ಬಂದು ನಿಲ್ಲುತ್ತಿದ್ದರು. ಅವರ ತಕರಾರು ತಿಳಿಯಲೆಂದು ಮಾಲೀಕರು, ಹಡಗಿನಲ್ಲಿ ದುಡಿದು ಬಂದ ಮುದುಕರೊಬ್ಬರಿಂದ ನನಗೆ ಜರ್ಮನ್ ಹೇಳಿಕೊಡಿಸಿದರು. 'ಇಶ್ ಮ್ಯೋಶ್ಟೆ ದಾಸ್ ಉಮ್‌ಟೌಶನ್', ಇದನ್ನು ಬದಲಿಸಿಕೊಡಿ. 'ದಾಸ್ ಇಸ್ಟ್ ಮೈನ್ ರೆಶ್ಟ್', ಇದು ನನ್ನ ಹಕ್ಕು. ಎಲ್ಲಕ್ಕೂ ನಾನು ಕೊಡಬೇಕಾದ ಉತ್ತರ ಒಂದೇ: ತಲೆ ಬಾಗಿಸಿ, 'ಎಂಟ್‌ಶುಲ್ಡಿಗುಂಗ್', ತಪ್ಪಾಯಿತು.

ಮಂಗೋರ್ ಹಿಲ್‌ನ ನಮ್ಮ ಖೋಲಿಯಲ್ಲಿ ಇದನ್ನು ಜೋರಾಗಿ ಬಾಯಿಪಾಠ ಮಾಡುತ್ತಿದ್ದೆ. ಬಂದರಿನ ಕೂಲಿಗಳಿಗೆ ರೊಟ್ಟಿ ಬಡಿದು ಮಾರುತ್ತಿದ್ದ ಅವ್ವ, ತನ್ನ ಮಗಳು ಬಿಳಿಯರ ಭಾಷೆಯಲ್ಲಿ ಹಕ್ಕು ಕೇಳುತ್ತಾಳೆಂದು ಓಣಿಗೆಲ್ಲ ಸಾರಿ ಬಂದಿದ್ದಳು. ನಾನೋ, ಅರ್ಧ ತುಂಬಿದ ಕೊಡ, ತುಳುಕುತ್ತಲೇ ಇದ್ದೆ.

ಆಗ ಹೊಸ ಸೀಮೆಎಣ್ಣೆ ಸ್ಟೋವ್ ತಂದೆವು. ಪಂಪು ಹೊಡೆದರೆ ಬೆಸುಗೆಯಿಂದ ಎಣ್ಣೆ ಜಿನುಗುತ್ತಿತ್ತು. ಅವ್ವನ ಸೆರಗಿಗೆ ಬೆಂಕಿ ತಗುಲಿತು, ಕೈಯಿಂದಲೇ ತಟ್ಟಿ ಆರಿಸಿದಳು. ಮರುದಿನ ಮುಂಜಾನೆ ಅದನ್ನು ಹೊತ್ತು, ಕೊಂಡ ಅಂಗಡಿಗೇ ಹೋದೆವು.

ಬಾಗಿಲು ಆಗಷ್ಟೇ ತೆರೆದಿತ್ತು. ಅವ್ವ ಒಳಗೆ ಕಾಲಿಡಲಿಲ್ಲ. ಬೋಣಿಗೆ ಮೊದಲೇ, ಅಂದರೆ ದಿನದ ಮೊದಲ ವ್ಯಾಪಾರ ಆಗುವ ಮುಂಚೆಯೇ, ಮಾಲು ತಿರುಗಿ ಬಂದರೆ ಅಂಗಡಿಯವನ ದಿನವೆಲ್ಲ ಕೆಡುತ್ತದೆ ಎಂಬುದು ನಮ್ಮವರ ನಂಬಿಕೆ. ಅವಳೂ ಮಾರುವವಳೇ ಅಲ್ಲವೇ? ಯಾರೋ ಬಂದು ಏನೋ ಕೊಂಡು ಹೋಗುವವರೆಗೆ ಬಿಸಿಲಲ್ಲಿ ನಿಂತೆವು. ಒಳಗೆ ಹೋಗಿ ಸೋರುವ ಬೆಸುಗೆ ತೋರಿಸಿದರೆ ಅಂಗಡಿಯವನು ಕೊಂಕಣಿಯಲ್ಲಿ ಗದರಿದ. ನಿಜವಾಗಿದ್ದರೆ ಬಂದ ಕೂಡಲೇ ಹೇಳುತ್ತಿದ್ದಿರಿ, ಅಷ್ಟು ಹೊತ್ತು ಹೊರಗೆ ನಿಂತು ಸುಳ್ಳು ಹೆಣೆಯುತ್ತಿದ್ದಿರಿ ಎಂದ. ನೀವೇ ಬೀಳಿಸಿ ಕೆಡಿಸಿದ್ದೀರಿ, ಘಟ್ಟದ ಮೇಲಿನ ಮಂದಿಗೆ ಸ್ಟೋವ್ ಎಲ್ಲಿ ಗೊತ್ತು ಎಂದೂ ಸೇರಿಸಿದ.

ಅವ್ವನಿಗೆ ಕೊಂಕಣಿ ಅಷ್ಟಕ್ಕಷ್ಟೇ. ನನ್ನ ಕಡೆ ತಿರುಗಿದಳು.

"ನೀ ಹೇಳವಾ. ನಿನಗ ಬರತೈತಲ್ಲ."

ಕೊಂಕಣಿ ನನಗೆ ಚೆನ್ನಾಗಿಯೇ ಬರುತ್ತಿತ್ತು. ಬೋಣಿಗೆ ಕಾದೆವೆಂದು ಹೇಳಿದ್ದರೂ ಸಾಕಿತ್ತು. ಆದರೆ ಹಕ್ಕು ಇರುವುದು ಜರ್ಮನ್ನರಿಗೆ, ನಮಗಿರುವುದು ಅದರ ಉತ್ತರ ಮಾತ್ರ ಎಂದು ನನ್ನ ಮೈಗೇ ರೂಢಿಯಾಗಿತ್ತು. ತಲೆ ಬಾಗಿಸಿ, ತಪ್ಪಾಯಿತೆಂದು ಅವನಿಗೇ ಮಾಫಿ ಕೇಳಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ಹಿಡಿಯಾಗುತ್ತೇನೆ.

ಅದೇ ಸ್ಟೋವ್ ಹೊತ್ತು ಮರಳುವ ದಾರಿಯಲ್ಲಿ ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮಾಫಿ ಯಾಕ ಕೇಳಿದಿ?" ಎಂದು ಒಂದು ಸಲ ಕೇಳಿದಳು, ಅಷ್ಟೇ.

ಸಂಜೆಗೆ ರೊಟ್ಟಿ ಆಗಲೇಬೇಕಿತ್ತು. ಸೋರುವ ಬೆಸುಗೆಗೆ ಬಟ್ಟೆ ಸೋಪು ಮೆತ್ತಿ, ಸೆರಗು ಸೊಂಟಕ್ಕೆ ಬಿಗಿದು, ಅವ್ವ ಸ್ಟೋವಿನ ಮುಂದೆ ಕುಳಿತಳು.

"ನೀ ಹೊರಗ ನಿಂದರವಾ" ಎಂದು ಕಡ್ಡಿ ಗೀರಿದಳು.

ನಾನು ಹೋಗಿ ಹೊರಗೆ ನಿಂತೆ.