ಸುಧಾಕರ ಧರ್ಮಕ್ಕೆ ಮಾಡಿದ ಆಟ

ನನ್ನ ತಂಗಿಯ ಗಂಡ ಸುಧಾಕರನ ಸುದ್ದಿ ತೆಗೆದರೆ ನನಗೆ ಮೊದಲು ಬರುವುದು ಸಿಟ್ಟು. ಆಮೇಲೆ ಪಾಪ ಅನಿಸ್ತದೆ. ಆಮೇಲೆ ಪುನಃ ಸಿಟ್ಟು.

ಬಿ.ಸಿ.ರೋಡಿನ ಹೈವೇ ಬದಿಯ ಕಟ್ಟಡದ ಮಾಳಿಗೆಯಲ್ಲಿ ಅವನ ಕಂಪ್ಯೂಟರ್ ಕ್ಲಾಸು ಇತ್ತು. ಈಗ ಅದೇ ಕೋಣೆಯಲ್ಲಿ ಕೂತು ಊರವರ ಆಧಾರ್, ಪಾನ್ ಕಾರ್ಡ್ ಅರ್ಜಿ ಹಾಕಿಕೊಡ್ತಾನೆ. ನನ್ನ ತಂಗಿ ವಾರಿಜ ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬಂದು ಅವನ ಹತ್ತಿರ ಟೈಪಿಂಗ್ ಕಲಿತವಳು. ಏನು ಕಲಿತಳೋ ದೇವರಿಗೇ ಗೊತ್ತು. ಕ್ಲಾಸು ಮುಗಿದ ಮೇಲೆ ಇಬ್ಬರೂ ಕೂತು ಒಂದು ಆಟ ಆಡ್ತಿದ್ದರಂತೆ.

ಗುಂಡು ಹೊಡೆಯುವ ಆಟ ಅಲ್ಲ. ಯಾರೂ ಇಲ್ಲದ ಒಂದು ದ್ವೀಪ, ಅದರಲ್ಲಿ ಬೀಗ ಹಾಕಿದ ಬಂಗಲೆ, ಅಲ್ಲಿ ಒಬ್ಬಳೇ ಸಿಕ್ಕಿಬಿದ್ದ ಒಂದು ಹುಡುಗಿ. ನಾವು ಮೌಸಿನಿಂದ ಬಾಗಿಲು, ಬಾವಿ, ಕಪಾಟು ಅಂತ ಒಂದೊಂದನ್ನೇ ಒತ್ತಿ ನೋಡಬೇಕು. ಸರಿಯಾದದ್ದನ್ನು ಒತ್ತಿದರೆ ದಾರಿ ಸಿಗ್ತದೆ. ತಪ್ಪು ಒತ್ತಿದರೆ ಅವಳು ‘ಅದು ಆಗುವುದಿಲ್ಲ’ ಅಂತಾಳೆ. ಬಂಗಲೆಯ ಬಾಗಿಲು ತೆರೆಯುವ ಮೊದಲೇ ಇವರ ಮದುವೆ ಆಗಿಹೋಯಿತು!

ಆ ಆಟ ಮಾಡಿದ ಕಂಪೆನಿ ಯಾವಾಗಲೋ ಮುಚ್ಚಿದೆ. ಹೊಸ ಕಂಪ್ಯೂಟರಿನಲ್ಲಿ ಆಟ ನಡೆಯುವುದೂ ಇಲ್ಲ. ಆದರೆ ಅದರ ಹುಚ್ಚು ಬಿಡದವರು ಎಲ್ಲೆಲ್ಲಿಯೋ ಇದ್ದಾರಲ್ಲ, ಅವರೆಲ್ಲ ಇಂಟರ್ನೆಟ್ಟಿನಲ್ಲಿ ಒಟ್ಟು ಸೇರಿ, ಚಿತ್ರಗಳನ್ನೆಲ್ಲ ಹೊಸತಾಗಿ ಬಿಡಿಸಿ, ಆಟವನ್ನು ಪುನಃ ಕಟ್ಟಿದರು. ಧರ್ಮಕ್ಕೆ! ಒಂದು ಪೈಸೆ ಕೊಡದೆ ಯಾರು ಬೇಕಾದರೂ ಇಳಿಸಿಕೊಂಡು ಆಡಬಹುದು. ನಮ್ಮ ಸುಧಾಕರನೂ ಆ ಗುಂಪಿಗೆ ಸೇರಿದ. ಸೇರಿದ್ದು ಸಾಲದು ಅಂತ ಅದಕ್ಕೆ ನಮ್ಮ ಮನೆಮಾತು ತುಳುವಿನಲ್ಲಿ ಮಾತು ಹಾಕ್ತೇನೆ ಅಂತ ಹೊರಟ.

“ತುಳುವಿನಲ್ಲಿ ಇದನ್ನು ಯಾರು ಆಡ್ತಾರೆ ಮಾರಾಯ? ನಿಂಗೆ ತಲೆ ಸರಿ ಉಂಟಾ?” ಅಂತ ಕೇಳಿದ್ದೆ.

“ಒಬ್ಬರಾದರೂ ಸಿಗ್ತಾರೆ ಅಕ್ಕ” ಅಂದ.

ಹುಡುಗಿಯ ಸ್ವರ ವಾರಿಜಳದ್ದು. ಮನೆ ಎದುರಿನ ಸ್ಟಾಪಿನಲ್ಲಿ ‘ವಿಟ್ಲ, ವಿಟ್ಲ’ ಅಂತ ಬಸ್ ಕಂಡಕ್ಟರುಗಳ ಬೊಬ್ಬೆ ಕೇಳಬಾರದು ಅಂತ, ಐವತ್ತರ ಹತ್ತಿರ ಬಂದ ಹೆಂಗಸು ಸೀರೆ ಕಪಾಟಿನೊಳಗೆ ತಲೆ ತೂರಿಸಿ ಮಾತಾಡಿದಳು. ನಾನು ನೋಡಿ ನಕ್ಕು ನಕ್ಕು ಸುಸ್ತಾದೆ. ಆ ಹುಡುಗಿ ಹೆಚ್ಚಾಗಿ ಹೇಳುವ ಮಾತು ಒಂದೇ: ಆಪುಜಿ. ಅಂದರೆ ಆಗುವುದಿಲ್ಲ. ವಾರಿಜ ಅದನ್ನು ಸಿಟ್ಟಿನಲ್ಲಿ, ನಗುತ್ತಾ, ಸಾಕಾಗಿ, ಎಷ್ಟೋ ತರದಲ್ಲಿ ಹೇಳಿದ್ದಾಳೆ. ಒಂದು ಸಲ ಮಾತ್ರ ಮೆಲ್ಲಗೆ, ಎದೆಯಿಂದ ಬಂದ ಹಾಗೆ ಹೇಳಿದಳು. ಅಷ್ಟು ಹೊತ್ತಿಗೇ ಅಡುಗೆ ಕೋಣೆಯಲ್ಲಿ ಕುಕ್ಕರ್ ಕೂಗಿತು. ಇನ್ನೊಮ್ಮೆ ಹೇಳು ಅಂದದ್ದಕ್ಕೆ “ಅನ್ನ ತಳ ಹಿಡೀತದೆ” ಅಂತ ಎದ್ದುಹೋದಳು. ಆ ಕೂಗು ಹಾಗೇ ಆಟದಲ್ಲಿ ಉಳಿಯಿತು.

ಕಳೆದ ಸೋಣ ತಿಂಗಳಲ್ಲಿ, ಚೌತಿಯ ಹೊತ್ತಿಗೆ, ವಾರಿಜ ಬಚ್ಚಲಿನಲ್ಲಿ ಬಿದ್ದಳು. ಸ್ಟ್ರೋಕ್. ಬಲಗೈ, ಬಲಗಾಲು ಹೋಯಿತು. ಮಾತು ಪೂರ್ತಿ ನಿಂತಿತು. ನಾವು ಹೇಳಿದ್ದೆಲ್ಲ ಗೊತ್ತಾಗ್ತದೆ, ನಗ್ತಾಳೆ, ಅಳ್ತಾಳೆ, ಆದರೆ ಬಾಯಿ ತೆರೆದರೆ ಬರೀ ‘ಅ... ಅ...’ ಅಷ್ಟೆ. ನಾನು ಬೆಳ್ತಂಗಡಿಯಲ್ಲಿ ನನ್ನ ಟೈಲರಿಂಗ್ ಅಂಗಡಿಗೆ ಬೀಗ ಹಾಕಿ, ಬಂದು ಅವರ ಮನೆಯಲ್ಲಿ ಕೂತೆ.

ಅವರ ಒಬ್ಬಳೇ ಮಗಳು ಪ್ರಾಪ್ತಿ. ಗಂಡ ಶೋಧನ್ ಜೊತೆ ಬಹರೈನಿನಲ್ಲಿ ಇದ್ದಾಳೆ. ಆಗ ಅವಳು ಬಸುರಿ. ಮೊದಲಿನದ್ದು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಮಂಚದಿಂದ ಇಳಿಯಬಾರದು, ಮನಸ್ಸಿಗೆ ಪೆಟ್ಟಾಗುವ ಸುದ್ದಿ ಕಿವಿಗೆ ಬೀಳಬಾರದು ಅಂತ ಡಾಕ್ಟರು ಹೇಳಿದ್ದರು. ಶೋಧನ್ ಫೋನ್ ಮಾಡಿ, “ಹೆರಿಗೆ ಆಗುವವರೆಗೆ ಹೇಳಬೇಡಿ ಮಾವ, ಕೈ ಮುಗೀತೇನೆ” ಅಂದ. ಏನು ಮಾಡುವುದು? ಮುಚ್ಚಿಟ್ಟೆವು.

ಆದರೆ ತಾಯಿ ಮಗಳು ದಿನಾ ವಾಟ್ಸಾಪಿನಲ್ಲಿ ವಾಯ್ಸ್ ಹಾಕಿಕೊಳ್ಳುವವರು. ಕ್ಯಾಮೆರಾ ಹಾಳಾಗಿದೆ, ನೆಟ್ ಸರಿ ಇಲ್ಲ ಅಂತ ಸುಧಾಕರ ಎಷ್ಟು ದಿನ ಸುಳ್ಳು ಹೇಳಿಯಾನು? ಒಂದು ದಿನ ಮಗಳ ವಾಯ್ಸ್ ಬಂತು. “ಅಮ್ಮಾ, ಯಾಕೆ ಮಾತೇ ಇಲ್ಲ? ನಿಂಗೆ ಏನಾದ್ರೂ ಆಗಿದೆಯಾ?” ಅಳುವ ಸ್ವರ. ಸುಧಾಕರ ಗಾಬರಿಯಲ್ಲಿ ಕಂಪ್ಯೂಟರಿಗೆ ಓಡಿದ. ಖಾಲಿ ಕಪಾಟು ತೆರೆದರೆ ಆಟದ ಹುಡುಗಿ ಒಂದು ಮಾತು ಹೇಳ್ತಾಳೆ, “ಛೆ, ಅಂಥದ್ದೇನೂ ಇಲ್ಲ!” ಅಂತ. ಅದನ್ನೇ ಕತ್ತರಿಸಿ ಕಳುಹಿಸಿಬಿಟ್ಟ.

“ಅಬ್ಬ! ನಿನ್ನ ಸ್ವರ ಕೇಳಿದ್ದೇ ಸಾಕಮ್ಮ” ಅಂತ ಉತ್ತರ ಬಂತು.

ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಹೆತ್ತ ಮಗಳಿಗೆ ಹೀಗೆ ಮಾಡುವುದಾ ಅಂತ. ಆಚೆ ಮಂಚದಲ್ಲಿ ವಾರಿಜ ತನ್ನ ಸ್ವರ ಕೇಳಿದವಳು ಎಡಗೈಯಿಂದ ಕುತ್ತಿಗೆ ಮುಟ್ಟಿ ನೋಡಿಕೊಂಡಳು. ಅವಳದ್ದೇ ಸ್ವರ, ಅವಳಿಗೇ ಸಿಗುವುದಿಲ್ಲ.

ಆಮೇಲೆ ಅದೇ ಅಭ್ಯಾಸವಾಯಿತು. “ಬಯಕೆಯ ಸೀರೆ ಜೋಪಾನ ಇಟ್ಟಿದ್ದೀಯಾ?” ಅಂತ ಪ್ರಾಪ್ತಿ ಕೇಳಿದರೆ, “ಕಪಾಟಿನಲ್ಲೇ ಉಂಟು.” “ಅಪ್ಪ ಹೇಳಿದ್ದು ಕೇಳ್ತಾರಾ?” ಅಂದರೆ, “ಹೇಳಿ ಹೇಳಿ ಸಾಕಾಯ್ತು.” “ಊರಲ್ಲಿ ಮಳೆಯಾ?” ಅಂದರೆ, “ಎಂಥ ಕತ್ತಲೆ, ಏನೂ ಕಾಣುವುದಿಲ್ಲ.” ಎಲ್ಲದಕ್ಕೂ ಆಟದಲ್ಲಿ ಉತ್ತರ ಸಿಕ್ಕಿತು. ಮುಖ ತೋರಿಸು ಅಂತ ಅವಳು ಹಟ ಮಾಡುವುದನ್ನೂ ಬಿಟ್ಟಳು. ನಮ್ಮ ಅದೃಷ್ಟ ಅಂದುಕೊಂಡೆವು.

ಒಂದು ಮಧ್ಯಾಹ್ನ ಅವಳು ಕೇಳಿದಳು: “ಅಮ್ಮಾ, ಮಗು ಆದ ಮೇಲೆ ಬಾಣಂತನಕ್ಕೆ ನಿನ್ನ ಹತ್ತಿರ ಬರ್ಲಾ? ಬಾ ಅಂತ ಒಂದು ಸಲ ಹೇಳಮ್ಮ.”

ವಾರಿಜ ಎಡಗೈಯಲ್ಲಿ ಹಾಸಿಗೆಗೆ ಹೊಡೆದು ಹೊಡೆದು ‘ಅ... ಅ...’ ಅಂದಳು. ಅವಳು ಹೇಳುವುದು ಬಾ ಅಂತಲೇ, ಅದು ಮಕ್ಕಳಿಗೂ ಗೊತ್ತಾಗ್ತದೆ. ಸುಧಾಕರ ಹುಡುಕಿದ. ಸಂಜೆವರೆಗೆ ಹುಡುಕಿದ. ಕಡೆಗೆ ಕುರ್ಚಿಯಲ್ಲಿ ಹಾಗೇ ಕುಸಿದ.

“ಆಟದಲ್ಲಿ ‘ಬಾ’ ಇಲ್ಲ ಅಕ್ಕ. ದ್ವೀಪದಲ್ಲಿ ಅವಳೊಬ್ಬಳೇ. ಯಾರನ್ನು ಕರೀತಾಳೆ?”

“ಹಾಗಾದರೆ ನಿಜ ಹೇಳಿ ಸಾಯಿ!” ಅಂತ ಕಿರುಚಿದೆ.

“ಮಗುವಿಗೆ ಏನಾದರೂ ಆದರೆ?” ಅಂದ. ಆ ದಿನ ಏನೂ ಕಳುಹಿಸಲಿಲ್ಲ. ಯಾರೂ ಸರಿಯಾಗಿ ಉಣ್ಣಲೂ ಇಲ್ಲ.

ಮರುದಿನ ಮಗಳ ವಾಯ್ಸ್ ಬಂತು. “ಅಮ್ಮಾ, ನಿನ್ನೆ ನಾನು ಕೇಳಿದ್ದೇ ಸರಿ ಆಗ್ಲಿಲ್ಲ. ಬೇರೆ ತರ ಕೇಳ್ತೇನೆ. ನಾನು ಬರದೆ ಇಲ್ಲೇ ಕೂತರೆ... ನಿಂಗೆ ಆಗ್ತದಾ?”

ಸುಧಾಕರ ನನ್ನ ಮುಖ ನೋಡಿದ. “ಅಕ್ಕ, ಇವಳಿಗೆ ಗೊತ್ತುಂಟು.”

ಗೊತ್ತಿಲ್ಲದೆ ಏನು? ಧರ್ಮಕ್ಕೆ ಸಿಗುವ ಆಟ. ಇಡೀ ಲೋಕಕ್ಕೆ ಹಂಚಿದವನಿಗೆ ಮಗಳೂ ಆ ಲೋಕದಲ್ಲೇ ಇದ್ದಾಳೆ ಅಂತ ಹೊಳೆಯಲಿಲ್ಲ. ಅಮ್ಮನ ಸ್ವರ ಕೇಳಬೇಕು ಅಂತ ಮಂಚದಲ್ಲೇ ಮಲಗಿ ಅದನ್ನು ಆಡಿದ್ದಾಳೆ. ಅಪ್ಪ ಕಳುಹಿಸಿದ ಒಂದೊಂದು ಮಾತೂ ಅದರಲ್ಲಿ ಸಿಕ್ಕಿದೆ. ಆಮೇಲೆ ಪ್ರಾಪ್ತಿ, ಅಪ್ಪನಿಗೆ ಬೇಜಾರಾಗಬಾರದು ಅಂತ, ಆಟದಲ್ಲಿ ಇರುವ ಉತ್ತರಕ್ಕೆ ಹೊಂದುವ ಪ್ರಶ್ನೆಯನ್ನೇ ಹುಡುಕಿ ಹುಡುಕಿ ಕೇಳಿದ್ದಾಳೆ. ನಾವು ಅವಳನ್ನು ಕಾಯ್ತಿದ್ದೇವೆ ಅಂದುಕೊಂಡದ್ದು!

ನಮಗೂ ಗೊತ್ತಾಯಿತು ಅಂತ ಅವಳಿಗೆ ಹೇಳಲಿಕ್ಕೆ ನಮಗಿಬ್ಬರಿಗೂ ಧೈರ್ಯ ಬರಲಿಲ್ಲ. ಸುಧಾಕರ ಕಂಪ್ಯೂಟರನ್ನು ವಾರಿಜಳ ಮಂಚದ ಹತ್ತಿರ ತಂದು, ಆಪುಜಿಗಳನ್ನು ಒಂದೊಂದಾಗಿ ಕೇಳಿಸಿದ. ಸಿಟ್ಟಿನದ್ದಕ್ಕೆ ಅವಳು ತಲೆ ಅಲ್ಲಾಡಿಸಿದಳು. ನಗುವಿನದ್ದಕ್ಕೂ ಅಲ್ಲಾಡಿಸಿದಳು. ಮೆಲ್ಲಗೆ ಹೇಳಿದ್ದು ಬಂದಾಗ ಅವನ ಕೈ ಹಿಡಿದುಕೊಂಡಳು. “ಇದರಲ್ಲಿ ಕುಕ್ಕರ್ ಕೂಗ್ತದೆ ವಾರಿಜ” ಅಂದ ಅವನು. ಅವಳು ಕೈ ಬಿಡಲಿಲ್ಲ. ಕಳುಹಿಸುವ ಗುಂಡಿಯನ್ನು ಅವಳೇ ಎಡಗೈಯಿಂದ ಒತ್ತಿದಳು.

ಆಪುಜಿ. ಹಿಂದಿನಿಂದ ಕುಕ್ಕರಿನ ಕೂಗು.

ಆಮೇಲೆ ಮಗಳ ವಾಯ್ಸ್ ಬಂತು: “ಆಯ್ತಮ್ಮ, ಬರ್ತೇನೆ. ಹೋಗು, ಕುಕ್ಕರ್ ಇಳಿಸು, ಅನ್ನ ತಳ ಹಿಡೀತದೆ.”

ನಾನು ಎದ್ದು ಅಡುಗೆ ಕೋಣೆಗೆ ಹೋಗಿ ನಿಂತೆ. ಗ್ಯಾಸಿನ ಮೇಲೆ ಏನೂ ಇರಲಿಲ್ಲ.