ಜಡೆಪ್ಪನ ಮೋಟರಿಗೆ ಹೊದಿಸಿದ ಕೌದಿ

ಚಿತ್ತವಾಡ್ಗಿಯ ನಮ್ಮ ಓಣಿಗೆ ಬಂದವರು ಜಡೆಪ್ಪನ ಮನೆ ಯಾವುದೆಂದು ಕೇಳಬೇಕಿಲ್ಲ. ಅವನ ಅಂಗಳದಿಂದ ಏಳುವ ಸದ್ದೇ ದಾರಿ ತೋರಿಸುತ್ತದೆ. ಹಂಪಿ ಹೊಳೆಯಲ್ಲಿ ಅವನು ದೋಣಿ ನಡೆಸಲು ಹತ್ತಿ ಇಪ್ಪತ್ತಾರು ವರ್ಷ. ದೋಣಿ ಹೊಳೆಯಲ್ಲೇ ಇರುತ್ತದೆ. ಅದರ ಹಿಂಬದಿಗೆ ಕಚ್ಚಿಸುವ ಹಳೇ ಮೋಟರು ಮಾತ್ರ ಆಗಾಗ ಆಟೋದಲ್ಲಿ ಮನೆಗೆ ಬರುತ್ತದೆ. ಅದನ್ನು ಒಂದು ಹಲಗೆಗೆ ಬಿಗಿದು, ನೀರು ತುಂಬಿದ ಡ್ರಮ್ಮಿನಲ್ಲಿ ಅದರ ಫ್ಯಾನಿರುವ ಕಾಲು ಇಳಿಸಿ ಓಡಿಸಿ ನೋಡುತ್ತಾನೆ. ಪ್ಲಗ್ ಬಿಚ್ಚಿ ಉಜ್ಜುತ್ತಾನೆ. ಗೇರ್ ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ ಅಂತ. ಕೇಳಿ ಕೇಳಿ ಇದೆಲ್ಲ ಪಕ್ಕದ ಮನೆಯ ನನಗೂ ಬಾಯಿಪಾಠ.

ಈ ಸಲ ಅವನ ಮುಖ ಇಳಿದಿತ್ತು. ಹೊಳೆದಂಡೆಯಲ್ಲಿ ದೋಣಿಗಳ ಪಾಳಿ ಹಂಚುವ ಓಬಳೇಶ ಖಡಾಖಂಡಿತ ಹೇಳಿಬಿಟ್ಟಿದ್ದ: "ನಿನ್ನ ದೋಣ್ಯಾಗ ಕುಂತವ್ರು ಕಿವಿ ಮುಚ್ಕೊಂಡು ಇಳೀತಾರ. ಸೋಮವಾರದೊಳಗ ಸದ್ದು ಇಳಿಸು, ಇಲ್ಲಾಂದ್ರ ನಿನ್ನ ಪಾಳಿ ಬ್ಯಾರೆಯವ್ರಿಗೆ."

ಕಷ್ಟವೆಂದರೆ, ಇಷ್ಟು ವರ್ಷ ಮೋಟರಿನ ಪಕ್ಕ ಕೂತು ಜಡೆಪ್ಪನ ಕಿವಿಯೇ ಮಂದವಾಗಿದೆ. ಸದ್ದು ಎಷ್ಟಿದೆ ಎಂಬುದು ಅವನಿಗೇ ತಿಳಿಯದು.

ಭಾನುವಾರ ಬೆಳಿಗ್ಗೆ ಮನೆಯ ಹಳೇ ಕೌದಿ ಕತ್ತರಿಸಿ, ಮೋಟರಿನ ಮೇಲಿನ ಮುಚ್ಚಳದ ಒಳಗೆಲ್ಲ ಒತ್ತಿ ಅಂಟಿಸಿದ. ಹೆಂಡತಿ ಹೊಳೆಮ್ಮ ನನ್ನ ಕಡೆ ತಿರುಗಿ, ಅವನಿಗೂ ಕೇಳುವಷ್ಟು ಗಟ್ಟಿಯಾಗಿ, "ಥಂಡ್ಯಾಗ ನಾನು ನಡುಗಿದ್ರೂ ಎದ್ದು ಹೊದಿಸಿದವನಲ್ಲ, ಮೋಟರಿಗೆ ಹೊದಿಸಾಕ ಹತ್ಯಾನ ನೋಡಕ್ಕ!" ಅಂದಳು.

"ಅದು ಅನ್ನ ಹಾಕ್ತೈತಲೇ!"

"ಹಂಗಾರ ನಾನೇನು ಮಣ್ಣು ಹಾಕ್ತೀನೇನು?"

ಜಡೆಪ್ಪ ಹಗ್ಗ ಎಳೆದು ಮೋಟರು ಚಾಲೂ ಮಾಡಿದ. "ಅಕ್ಕ, ನೀ ಕೇಳಿ ಹೇಳು."

ಕಣ್ಣು ಮುಚ್ಚಿ ಕೂತೆ. ಸದ್ದು ಅರ್ಧಕ್ಕರ್ಧ ಇಳಿದಿತ್ತು. ಆದರೆ ತುಸು ಹೊತ್ತಿಗೆ ದನಿ ಬದಲಾಯಿತು, ದಮ್ಮಿನವರು ಮೆಟ್ಟಿಲು ಹತ್ತಿದ ಹಾಗೆ. "ಬಂದ್ ಮಾಡೋ! ಉಸಿರು ಕಟ್ಟೈತಿ ಅದಕ್ಕ!" ಎಂದು ಕೂಗಿದೆ. ಅವನಿಗೆ ಕೇಳಲಿಲ್ಲ. ಕೈ ಬೀಸುವಷ್ಟರಲ್ಲಿ ಅದೇ ನಿಂತುಹೋಯಿತು. ಮುಚ್ಚಳ ತೆಗೆದರೆ ಕೌದಿ ಗಾಳಿ ಸಂದಿಯನ್ನೆಲ್ಲ ಮುಚ್ಚಿತ್ತು, ಒಂದು ಅಂಚು ಸುಟ್ಟು ಕಂದಿ ಕಮಟು ನಾರುತ್ತಿತ್ತು. "ಪೆಟ್ರೋಲಿನ ಮಗ್ಗುಲಾಗ ಅರಿವಿ ತುರುಕೀನಲ್ಲ," ಎಂದು ತಲೆಯ ಮೇಲೆ ಕೈ ಹೊತ್ತು ಕುಳಿತ.

ಕೌದಿ ಕಿತ್ತು ಮತ್ತೆ ಓಡಿಸಿದಾಗ ಹಲಗೆಯ ಮೇಲೆ ಅಂಗೈ ಇಟ್ಟು ನೋಡಿದೆ. ಕೈ ಜುಮ್ಮೆಂದಿತು. ಅವನ ಕಿವಿಯ ಹತ್ತಿರ ಬಾಗಿ, "ಗದ್ದಲ ಅರ್ಧ ಹಲಗೀದೈತಿ," ಅಂದೆ. ಅವನು ಹಳೇ ಟೈರಿನ ರಬ್ಬರು ಕೊಯ್ದು ಹಲಗೆಗೂ ಮೋಟರು ಬಿಗಿಯುವ ಕಬ್ಬಿಣದ ಹಿಡಿಕೆಗೂ ನಡುವೆ ಇಟ್ಟ. ಮುಚ್ಚಳದ ಅಂಚಿಗೆ ಅದೇ ರಬ್ಬರಿನ ಒಂದು ಪಟ್ಟಿ ಕೂಡಿಸಿದ, ಗಾಳಿ ಸಂದಿ ಬಿಟ್ಟು. ಸದ್ದು ಪೂರಾ ಹೋಗಲಿಲ್ಲ. ಇದ್ದದ್ದನ್ನೇ ಅವನಿಗೆ ಹೇಳಿದೆ, ಸುಳ್ಳು ಹೇಳಲಿಲ್ಲ ನಾನು. ಅಷ್ಟು ದನಿ ಇರಲಿ ಅನಿಸಿತು, ಮೋಟರಿನ ಬೇನೆ ತಿಳಿಯಲಿಕ್ಕೆ ಬೇರೆ ದಾರಿ ಇಲ್ಲವಲ್ಲ.

ಸೋಮವಾರ ಅವನ ಜೊತೆ ನಾನೂ ಹೊಳೆಗೆ ಹೋದೆ. ದೋಣಿಯ ಹಿಂಬದಿಗೂ ಅದೇ ರಬ್ಬರು ಇಟ್ಟು ಮೋಟರು ಬಿಗಿದ. ಓಬಳೇಶ ಬಂದು ನಡುವೆ ಕೂತ. ಆಚೆ ದಂಡೆಗೆ ಹೊರಟ ಇಬ್ಬರು ಹೆಂಗಸರು ಬಾಳೆಗೊನೆಯ ಮಾತು ತೆಗೆದವರು ಇಳಿಯುವ ತನಕ ಬಿಡಲಿಲ್ಲ. ಜಡೆಪ್ಪನ ಕಣ್ಣು ಅವರ ಬಾಯಿಯ ಮೇಲೇ ಇತ್ತು.

"ಸದ್ದು ಐತಿ, ಆದ್ರ ನಡೀತೈತಿ. ಪಾಳಿ ನಿಂದೇ," ಅಂದ ಓಬಳೇಶ.

ಅದನ್ನು ಕಿವಿಯಲ್ಲಿ ಹೇಳಲು ಬಾಗಿದರೆ ಜಡೆಪ್ಪ ತಡೆದ: "ಗೊತ್ತಾತು ಬಿಡಕ್ಕ. ಯಾರೂ ಬಾಯಿ ದೊಡ್ಡದು ಮಾಡಿ ಮಾತಾಡ್ಲಿಲ್ಲ."